ಫ್ರೆಂಡ್ಸ್ ಜೋಡಿ ಬೇರೆಯಾದಾಗ ನಿಮ್ಮ ಸಂಸಾರ ನೋಡಿಕೊಳ್ಳುವುದು ಹೇಗೆ

ಗಂಡ ಹೆಂಡತಿ ಇಬ್ಬರೂ ನಿಮಗೆ ಬೇಕಾದವರು, ಅವರೀಗ ಬೇರೆಯಾಗುತ್ತಿದ್ದಾರೆ. ಸುದ್ದಿ ಕಿವಿಗೆ ಬಿದ್ದ ತಕ್ಷಣ ಎಲ್ಲರ ತಲೆಗೂ ಬರುವ ಪ್ರಶ್ನೆ ಒಂದೇ: ನಾವೀಗ ಯಾರ ಕಡೆ? ಆ ಪ್ರಶ್ನೆ ಸ್ವಲ್ಪ ಕಾಯಲಿ. ಅದಕ್ಕಿಂತ ಮೊದಲು ನೋಡಬೇಕಾದದ್ದು ನಿಮ್ಮ ಮನೆಯೊಳಗೆ. ಅವರ ಜಗಳ ಅವರ ಮನೆಯಲ್ಲೇ ಮುಗಿಯುವುದಿಲ್ಲ, ಸದ್ದಿಲ್ಲದೆ ನಿಮ್ಮ ಮನೆಗೂ ಬರುತ್ತದೆ. ಅದೂ ಎಷ್ಟು ನಯವಾಗಿ ಅಂದರೆ, ನೀವಿಬ್ಬರೂ ಅವರ ಬಗ್ಗೆ ಮಾತಾಡುತ್ತಿದ್ದೇವೆ ಅಂದುಕೊಂಡೇ ಒಬ್ಬರ ಮೇಲೊಬ್ಬರು ಸಿಟ್ಟಾಗಿರುತ್ತೀರಿ.

ಹೇಗೆ ಅಂತ ನೋಡಿ. ರಾತ್ರಿ ಊಟ ಆಗಿದೆ. ಒಬ್ಬರು ಪಾತ್ರೆ ತೊಳೆಯುತ್ತಿದ್ದಾರೆ, ಇನ್ನೊಬ್ಬರು ಒರೆಸಿ ಇಡುತ್ತಿದ್ದಾರೆ.

"ಪಾಪ ಕಣೇ, ಅವನು ದಿನಾ ರಾತ್ರಿ ಹತ್ತರ ತನಕ ದುಡಿದು ಬರ್ತಿದ್ದ. ಅವಳಿಗೆ ಅದು ಕಾಣಿಸ್ಲೇ ಇಲ್ಲ."

"ದುಡಿದು ಬಂದ್ರೆ ಆಯ್ತಾ? ಮನೇಲಿ ಒಂದು ಮಾತಾದ್ರೂ ಆಡಬೇಕು ತಾನೆ?"

"ಸುಸ್ತಾಗಿರುತ್ತೆ. ಅದೂ ಅರ್ಥ ಆಗಬೇಕಲ್ವಾ."

"ಹೂಂ, ನಿಂಗೂ ಸುಸ್ತಾಗಿರುತ್ತೆ. ಗೊತ್ತು ನಂಗೆ."

ಈ ಕೊನೇ ಮಾತು ಬರುವಷ್ಟರಲ್ಲಿ ವಿಷಯ ಫ್ರೆಂಡ್ಸ್ ಬಿಟ್ಟು ಇವರಿಬ್ಬರಿಗೇ ಬಂದಿರುತ್ತದೆ. ಅವನು ಅವನ ಫ್ರೆಂಡಿನ ವಕೀಲ, ಇವಳು ಅವಳ ವಕೀಲೆ. ತಟ್ಟೆ ಇಡುವ ಸದ್ದು ಸ್ವಲ್ಪ ಜಾಸ್ತಿ ಆಗುತ್ತದೆ. ಒಬ್ಬರು ಟವೆಲ್ ಬಿಸಾಕಿ ಹೊರಗೆ ಹೋಗುತ್ತಾರೆ. ಮಾರನೇ ದಿನ ಯಾಕೆ ಮುಖ ಊದಿಸಿಕೊಂಡಿದ್ದೇವೆ ಅಂತ ಇಬ್ಬರಿಗೂ ಸರಿಯಾಗಿ ಹೇಳಲಿಕ್ಕೆ ಬರುವುದಿಲ್ಲ.

ಇದಕ್ಕೆ ಮದ್ದು ಸರಳ, ಆದರೆ ಬಾಯಿಗೆ ಬರುವುದು ಕಷ್ಟ. "ಈಗ ನಾವು ಅವರ ಬಗ್ಗೆ ಮಾತಾಡ್ತಿದ್ದೀವಾ, ನಮ್ಮ ಬಗ್ಗೆನಾ?" ಅಂತ ಇಬ್ಬರಲ್ಲಿ ಒಬ್ಬರು ಕೇಳಬೇಕು. ವ್ಯಂಗ್ಯವಾಗಿ ಅಲ್ಲ, ನಿಜವಾಗಿ ಕೇಳಬೇಕು. "ನಮ್ಮ ಬಗ್ಗೆ" ಅನ್ನುವ ಉತ್ತರ ಬಂದರೆ ಫ್ರೆಂಡ್ಸ್ ಹೆಸರು ಬಿಟ್ಟುಬಿಡಿ. "ನೀನು ತಡವಾಗಿ ಬಂದ ದಿನ ನಂಗೆ ಮಾತಾಡೋಕೆ ಯಾರೂ ಇರಲ್ಲ" ಅಂತ ನೇರವಾಗಿ ಹೇಳಿದರೆ ಅದಕ್ಕೊಂದು ಪರಿಹಾರ ಹುಡುಕಬಹುದು. "ಅವಳು ಮಾಡಿದ್ದೇ ಸರಿ" ಅಂತ ಹೇಳಿದರೆ ಹುಡುಕುವುದಕ್ಕೆ ಏನೂ ಇರುವುದಿಲ್ಲ.

ಯಾಕೆ ಇಷ್ಟು ಅಲ್ಲಾಡುತ್ತದೆ

ಎರಡು ಜೋಡಿ ಅಂದರೆ ನಾಲ್ಕು ಜನ. ನಾಲ್ಕು ಜನರ ನಡುವೆ ಒಟ್ಟು ಆರು ಸಂಬಂಧ, ಬೇಕಾದರೆ ಬೆರಳಲ್ಲಿ ಎಣಿಸಿ ನೋಡಿ. ಅವರಿಬ್ಬರದು ಒಂದು, ನಿಮ್ಮಿಬ್ಬರದು ಒಂದು, ನೀವು ಅವನು, ನೀವು ಅವಳು, ನಿಮ್ಮವರು ಅವನು, ನಿಮ್ಮವರು ಅವಳು. ಮುರಿದಿದ್ದು ಒಂದೇ, ಆದರೆ ಉಳಿದ ಐದೂ ತಮ್ಮ ಜಾಗ ಮತ್ತೆ ಹುಡುಕಿಕೊಳ್ಳಬೇಕು. ಆ ಐದರಲ್ಲಿ ನಿಮ್ಮ ಮದುವೆಯೂ ಒಂದು.

ಫ್ರಿಟ್ಸ್ ಹೈಡರ್ ಅನ್ನುವ ಮನಶ್ಶಾಸ್ತ್ರಜ್ಞ 1946ರಲ್ಲೇ ಇಂಥದ್ದನ್ನು ವಿವರಿಸಿದ್ದ. ಒಬ್ಬರಿಗೊಬ್ಬರು ಆಗದ ಇಬ್ಬರ ಜೊತೆಗೂ ಚೆನ್ನಾಗಿರುವುದು ನಮ್ಮ ಮನಸ್ಸಿಗೆ ಕಿರಿಕಿರಿ. ಆ ಕಿರಿಕಿರಿ ಕಡಿಮೆ ಮಾಡಿಕೊಳ್ಳಲಿಕ್ಕೆ ಒಬ್ಬರನ್ನು ಒಳ್ಳೆಯವರು, ಇನ್ನೊಬ್ಬರನ್ನು ಕೆಟ್ಟವರು ಮಾಡಿಬಿಡುವ ಕಡೆಗೆ ಮನಸ್ಸು ವಾಲುತ್ತದೆ. ನೀವು ಒಂದು ಕಡೆ ವಾಲಿ ನಿಮ್ಮವರು ಇನ್ನೊಂದು ಕಡೆ ವಾಲಿದರೆ ಆಯ್ತು, ಮೇಲೆ ಹೇಳಿದ ಅಡುಗೆಮನೆ ಪುರಾಣ ಶುರು. ಇಬ್ಬರೂ ಒಂದೇ ಕಡೆ ವಾಲಿದರೂ ಸಮಸ್ಯೆಯೇ. ಯಾಕಂದ್ರೆ ಇನ್ನೊಬ್ಬರು ಯಾವ ತಪ್ಪೂ ಇಲ್ಲದೆ ಮೂರು ಜನರನ್ನು ಒಟ್ಟಿಗೆ ಕಳೆದುಕೊಂಡಿರಬಹುದು.

ಡಿವೋರ್ಸ್ ಅಂಟುರೋಗವಾ?

ಈ ಭಯ ಎಲ್ಲರಿಗೂ ಇರುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. "ಅವರಿಗೇ ಹೀಗಾಯ್ತು ಅಂದ್ರೆ ನಮ್ಮ ಕಥೆ?" ಅಂತ. ಇದರ ಬಗ್ಗೆ ಒಂದು ಅಧ್ಯಯನವೂ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ಹೃದಯದ ಕಾಯಿಲೆ ಬಗ್ಗೆ ಒಂದು ದೊಡ್ಡ ಅಧ್ಯಯನ ನಡೆಯುತ್ತಿದೆ. ಮುಂದೆ ಸಂಪರ್ಕ ತಪ್ಪಬಾರದು ಅಂತ ಅದರಲ್ಲಿ ಭಾಗವಹಿಸಿದವರಿಂದ ಹತ್ತಿರದ ಫ್ರೆಂಡ್ಸ್ ಹೆಸರು ಬರೆಸಿಕೊಂಡಿದ್ದರು. ಅದರಿಂದಾಗಿ ಯಾರಿಗೆ ಯಾರು ಫ್ರೆಂಡ್, ಯಾರ ಮದುವೆ ಯಾವಾಗ ಮುರಿಯಿತು ಅನ್ನುವುದೆಲ್ಲ ದಾಖಲೆಯಲ್ಲಿ ಸಿಕ್ಕಿತು. ರೋಸ್ ಮೆಕ್‌ಡರ್ಮಟ್, ಜೇಮ್ಸ್ ಫೌಲರ್, ನಿಕೋಲಸ್ ಕ್ರಿಸ್ಟಾಕಿಸ್ ಈ ದಾಖಲೆ ಇಟ್ಟುಕೊಂಡು 2013ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಫ್ರೆಂಡ್ ಡಿವೋರ್ಸ್ ಆಗಿದ್ದರೆ ನಮ್ಮದೂ ಆಗುವ ಸಂಭವ ಶೇ. 75ರಷ್ಟು ಜಾಸ್ತಿ. ಫ್ರೆಂಡಿನ ಫ್ರೆಂಡ್ ಆದರೆ ಶೇ. 33ರಷ್ಟು ಜಾಸ್ತಿ.

ಗಾಬರಿ ಬೇಡ. ಶೇ. 75 ಜಾಸ್ತಿ ಅಂದರೆ ನೂರರಲ್ಲಿ ಎಪ್ಪತ್ತೈದು ಮದುವೆ ಮುರಿಯುತ್ತವೆ ಅಂತಲ್ಲ. ಮೊದಲು ನೂರರಲ್ಲಿ ಹತ್ತು ಮುರಿಯುತ್ತಿದ್ದವು ಅಂತಿಟ್ಟುಕೊಂಡರೆ ಈಗ ಹದಿನೇಳೋ ಹದಿನೆಂಟೋ ಆಗುತ್ತದೆ. ಅದೂ ಅಲ್ಲದೆ, ಒಂದೇ ಥರದ ಬದುಕು ಇರುವವರು ತಾನೇ ಫ್ರೆಂಡ್ಸ್ ಆಗುವುದು? ಕಷ್ಟ ಬಂದರೆ ಇಬ್ಬರಿಗೂ ಬಂದಿರುತ್ತದೆ. ನನಗೆ ಅದರಲ್ಲಿ ಹಿಡಿಸಿದ್ದು ಈ ಅಂಕಿಗಳಿಗಿಂತ ಅವರು ಕೊನೆಗೆ ಹೇಳಿದ ಮಾತು: ಫ್ರೆಂಡ್ಸ್ ಮದುವೆ ಚೆನ್ನಾಗಿರುವಂತೆ ಗಮನ ಕೊಟ್ಟರೆ ನಮ್ಮ ಮದುವೆಯ ಬಾಳಿಕೆಗೂ ಅದು ನೆರವಾಗಬಹುದು ಅಂತ. ಹಾಗಾಗಿ ಸೋಂಕು ಬಂದ ಮನೆಯಿಂದ ಓಡುವ ಹಾಗೆ ಓಡಬೇಡಿ. ಎಷ್ಟೋ ಜನ ಮಾಡುವುದು ಅದನ್ನೇ: ಕರೆಯುವುದು ನಿಲ್ಲಿಸುತ್ತಾರೆ, ಫೋನ್ ಎತ್ತುವುದಿಲ್ಲ, ಎದುರು ಸಿಕ್ಕರೆ ಅವಸರ ಇರುವವರ ಹಾಗೆ ಹೋಗುತ್ತಾರೆ.

ಇನ್ನೊಂದು ಮಾತು. ಇಂಥ ಹೊತ್ತಿನಲ್ಲಿ ನಿಮ್ಮ ಸಂಸಾರದ ಪ್ರತಿಯೊಂದು ಸಣ್ಣ ಜಗಳವೂ ಅಪಶಕುನದ ಥರ ಕಾಣಿಸುತ್ತದೆ. "ಅವರೂ ದುಡ್ಡಿನ ವಿಷಯಕ್ಕೇ ಕಿತ್ತಾಡ್ತಿದ್ರು" ಅಂತ ನೆನಪಾಗುತ್ತದೆ. ದಂಪತಿಗಳನ್ನು ವರ್ಷಗಟ್ಟಲೆ ಗಮನಿಸಿದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೇಳುವ ಪ್ರಕಾರ, ಗಂಡ ಹೆಂಡತಿ ನಡುವಿನ ಶೇ. 69ರಷ್ಟು ತಕರಾರು ಯಾವತ್ತೂ ಪೂರ್ತಿ ಬಗೆಹರಿಯುವುದೇ ಇಲ್ಲ, ಚೆನ್ನಾಗಿರುವ ಜೋಡಿಗಳಲ್ಲೂ ಅಷ್ಟೇ. ವ್ಯತ್ಯಾಸ ಇರುವುದು ಆ ತಕರಾರಿನ ಬಗ್ಗೆ ಹೇಗೆ ಮಾತಾಡುತ್ತಾರೆ ಅನ್ನುವುದರಲ್ಲಿ. ನಿಮ್ಮಲ್ಲಿ ಹತ್ತು ವರ್ಷದಿಂದ ಅದೇ ಜಗಳ ಇದ್ದರೆ ಅದು ಫ್ರೆಂಡ್ಸ್ ಬೇರೆಯಾದ ದಿನ ಹುಟ್ಟಿದ್ದಲ್ಲ ಅನ್ನುವುದನ್ನು ನೆನಪಿಡಿ.

ಮೊದಲ ವಾರ: ಮೂರು ವಿಷಯ ಮಾತಾಡಿಕೊಳ್ಳಿ

ನೀವಿಬ್ಬರೇ ಕೂತು, ಫೋನ್ ದೂರ ಇಟ್ಟು, ಮೂರು ವಿಷಯ ಇತ್ಯರ್ಥ ಮಾಡಿಕೊಳ್ಳಿ. ಯಾರು ಯಾರ ಜೊತೆ ಮಾತಾಡುವುದು. ಉಳಿದ ಫ್ರೆಂಡ್ಸ್ ಕೇಳಿದರೆ ಏನು ಹೇಳುವುದು. ಗುಟ್ಟುಗಳನ್ನು ಏನು ಮಾಡುವುದು.

ಮೊದಲನೆಯದು ಸುಲಭ. ನೀವು ಅವಳಿಗೆ ಹತ್ತಿರ, ನಿಮ್ಮವರು ಅವನಿಗೆ ಹತ್ತಿರ ಅಂದರೆ ಹಾಗೇ ಇರಲಿ. ಅದನ್ನು ಇಬ್ಬರೂ ಬಾಯಿಬಿಟ್ಟು ಒಪ್ಪಿಕೊಂಡಿರಬೇಕು, ಅಷ್ಟೇ. ಎರಡನೆಯದಕ್ಕೆ ಒಂದೇ ಸಾಲು ಸಾಕು: "ಹೌದು, ಬೇರೆ ಇದ್ದಾರೆ. ಜಾಸ್ತಿ ಅವರೇ ಹೇಳಬೇಕು, ನಾವು ಹೇಳೋದು ಸರಿಯಲ್ಲ." ಇಬ್ಬರೂ ಇದನ್ನೇ ಹೇಳಿ. ಒಬ್ಬರು ಒಂದು, ಇನ್ನೊಬ್ಬರು ಇನ್ನೊಂದು ಹೇಳಿದರೆ ಅದಕ್ಕೆ ಉಪ್ಪು ಖಾರ ಸೇರಿ ಸಂಜೆಯೊಳಗೆ ಹೊಸ ಕಥೆ ತಯಾರಾಗಿರುತ್ತದೆ. ವಾಟ್ಸಾಪ್ ಗ್ರೂಪಿನಲ್ಲಂತೂ ಈ ವಿಷಯ ಎತ್ತಲೇಬೇಡಿ. ಅವರಿಬ್ಬರೂ ಇರುವ ಹಳೇ ಗ್ರೂಪಿನಿಂದ ಯಾರನ್ನೂ ತೆಗೆಯಲೂಬೇಡಿ, ಹೋಗುವವರು ತಾವೇ ಹೋಗುತ್ತಾರೆ. ಅಡ್ಮಿನ್ ತೆಗೆದು ಹಾಕಿದರೆ ಆ ನೋವು ವರ್ಷಗಟ್ಟಲೆ ಇರುತ್ತದೆ.

ಮೂರನೆಯದು, ಗುಟ್ಟು. ಇಲ್ಲೇ ಎಷ್ಟೋ ಒಳ್ಳೇ ಸಂಸಾರಗಳಲ್ಲೂ ಬಿರುಕು ಬಿಡುವುದು.

ಗುಟ್ಟಿನ ವಿಷಯದಲ್ಲಿ

ನಿಮ್ಮ ಗೆಳತಿ ಅಳುತ್ತಾ ಏನೋ ಹೇಳುತ್ತಾಳೆ, ಕೊನೆಗೆ "ನಿನ್ನ ಗಂಡನಿಗೆ ಮಾತ್ರ ಹೇಳಬೇಡ, ಅವನು ನನ್ನ ಗಂಡನಿಗೆ ಹೇಳಿಬಿಡ್ತಾನೆ" ಅನ್ನುತ್ತಾಳೆ. ಅದೇ ಹೊತ್ತಿಗೆ ಅವಳ ಗಂಡ ನಿಮ್ಮ ಗಂಡನ ಹತ್ತಿರ ಇನ್ನೇನೋ ಹೇಳಿ ಅದೇ ಮಾತು ತೆಗೆದುಕೊಂಡಿರುತ್ತಾನೆ. ಈಗ ಒಂದೇ ಮಂಚದ ಎರಡು ಕಡೆ ಎರಡು ಗುಟ್ಟು.

ಇದಕ್ಕೆ ಎರಡು ದಾರಿ ಇವೆ. ಒಂದು, ಕೇಳುವ ಮೊದಲೇ ಹೇಳಿಬಿಡುವುದು: "ನೋಡು, ಮನೇಲಿ ನಾನು ಏನೂ ಮುಚ್ಚಿಡಲ್ಲ. ಅವರಿಗೆ ಗೊತ್ತಾಗಬಾರದು ಅನ್ನೋ ವಿಷಯ ಆದ್ರೆ ನಂಗೆ ಹೇಳಬೇಡ." ಕೆಲವರಿಗೆ ಇದು ಒರಟು ಅನ್ನಿಸುತ್ತದೆ. ಎರಡನೆಯದು ನನಗೆ ಹೆಚ್ಚು ಇಷ್ಟ. ಏನು ಹೇಳಿದರು ಅನ್ನುವುದು ಮನೆಯವರಿಗೆ ಗೊತ್ತಿಲ್ಲದಿದ್ದರೂ, ಏನೋ ಹೇಳಿದ್ದಾರೆ ಅನ್ನುವುದು ಗೊತ್ತಿರಬೇಕು. "ಅವಳು ನನ್ನ ಹತ್ತಿರ ಒಂದಷ್ಟು ಹೇಳಿಕೊಂಡಿದ್ದಾಳೆ. ಅದು ಅವಳದು, ನಾನು ಹೇಳಲ್ಲ. ಅವನು ನಿಂಗೆ ಹೇಳಿದ್ದನ್ನೂ ನಾನು ಕೇಳಲ್ಲ." ಇಷ್ಟು ಸಾಕು. ಆಗ ನೀವು ಫೋನ್ ಹಿಡಿದು ಬಾಲ್ಕನಿಗೆ ಹೋದರೂ ನಿಮ್ಮವರಿಗೆ ಬೇರೆ ಅರ್ಥ ಬರುವುದಿಲ್ಲ.

ಒಂದು ವಿಷಯ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವರಲ್ಲಿ ಒಬ್ಬರಿಗೆ ಬೇರೆ ಸಂಬಂಧ ಇತ್ತು, ಅದು ನಿಮಗೆ ಮೊದಲೇ ಗೊತ್ತಿತ್ತು, ನಿಮ್ಮವರಿಗೆ ಗೊತ್ತಿರಲಿಲ್ಲ. ಅದು ಹೊರಗೆ ಬಂದ ದಿನ ನಿಮ್ಮ ಮನೆಯಲ್ಲಿ ಕೇಳುವ ಪ್ರಶ್ನೆ "ಅವನು ಹಾಗ್ಯಾಕೆ ಮಾಡಿದ?" ಅಂತಲ್ಲ. "ನಿಂಗೆ ಗೊತ್ತಿತ್ತಾ? ಎಷ್ಟು ದಿನದಿಂದ?" ಅಂತ. ಅದರ ಹಿಂದೆಯೇ ಇನ್ನೊಂದು ಬರುತ್ತದೆ: "ನನ್ನ ಜೊತೆ ಕೂತು ಊಟ ಮಾಡ್ತಾ ಇಷ್ಟು ಆರಾಮಾಗಿ ಮುಚ್ಚಿಡೋಕೆ ಬರುತ್ತೆ ಅಂದ್ರೆ ಇನ್ನೇನೇನು ಮುಚ್ಚಿಟ್ಟಿದ್ದೀಯ?" ಇಲ್ಲಿ ಸಮಜಾಯಿಷಿ ಕೊಡುತ್ತಾ ಹೋದಷ್ಟೂ ಕೆಡುತ್ತದೆ. ಗೊತ್ತಿದ್ದರೆ ಗೊತ್ತಿತ್ತು ಅನ್ನಿ. ಯಾವಾಗ ಗೊತ್ತಾಯ್ತು, ಯಾಕೆ ಹೇಳಲಿಲ್ಲ ಅನ್ನುವುದನ್ನು ಒಂದೇ ಸಲ ಪೂರ್ತಿ ಹೇಳಿ, ಕಂತು ಕಂತಾಗಿ ಅಲ್ಲ. ಸುದ್ದಿ ಇನ್ನೂ ಹೊರಗೆ ಬಂದಿಲ್ಲ ಅಂದರೆ, ಬರುವ ಮೊದಲೇ "ನಂಗೊಂದು ವಿಷಯ ಗೊತ್ತು, ಭಾರ ಆಗ್ತಿದೆ" ಅಂತ ಶುರು ಮಾಡುವುದು ಎಷ್ಟೋ ವಾಸಿ.

ಪೋಸ್ಟ್‌ಮನ್ ಕೆಲಸ ಬೇಡ

"ಅವಳು ಏನಾದ್ರೂ ಅಂದ್ಲಾ?" "ಅವನು ಈಗ ಎಲ್ಲಿರೋದು?" "ನಾನು ಇನ್ನೂ ಕಾಯ್ತಿದ್ದೀನಿ ಅಂತ ಸುಮ್ನೆ ಅವಳ ಕಿವಿಗೆ ಹಾಕು." ಇಂಥ ಕೋರಿಕೆ ಬರದೇ ಇರುವುದಿಲ್ಲ. ಒಪ್ಪಿಕೊಳ್ಳಬೇಡಿ. ನಿಮ್ಮ ಬಾಯಿಂದ ಹೋದ ಮಾತು ದಾರಿಯಲ್ಲಿ ಬದಲಾಗುತ್ತದೆ, ತಪ್ಪು ಅರ್ಥ ಆದರೆ ಬೈಗುಳ ಬೀಳುವುದು ನಿಮಗೇ. "ನೀನೇ ಅವಳಿಗೆ ಮೆಸೇಜ್ ಮಾಡು, ಏನು ಬರೀಬೇಕು ಅಂತ ಬೇಕಾದ್ರೆ ಜೊತೆಗೆ ಕೂತು ಯೋಚನೆ ಮಾಡೋಣ" ಅನ್ನಿ. ಮಕ್ಕಳನ್ನು ಶಾಲೆಯಿಂದ ಕರೆದುಕೊಂಡು ಬರುವುದು, ಔಷಧಿ ಪೆಟ್ಟಿಗೆ ತಲುಪಿಸುವುದು, ಇಂಥ ಕೆಲಸ ಬೇರೆ. ಅದನ್ನು ಧಾರಾಳವಾಗಿ ಮಾಡಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಆ ಕೂಸಿಗೆ ನಿಮ್ಮ ಮನೆ ಬಾಗಿಲು ಮೊದಲಿನ ಹಾಗೇ ತೆಗೆದಿರಬೇಕು.

ಸ್ಕ್ರೀನ್‌ಶಾಟ್ ಯಾರಿಗೂ ಕಳಿಸಬೇಡಿ. ಕೋರ್ಟು ಕಚೇರಿ ತನಕ ಹೋದರೆ ನೀವು ರಾತ್ರಿ ಹನ್ನೊಂದಕ್ಕೆ ಸಿಟ್ಟಲ್ಲಿ ಬರೆದ ಸಾಲು ವಕೀಲರ ಫೈಲಿನಲ್ಲಿ ಇರಬಹುದು.

ಬೈಯುವ ಆಸೆ

ಫ್ರೆಂಡ್ ಅಳುತ್ತಿರುವಾಗ "ಅವನು ಮೊದಲಿಂದಲೂ ಹಾಗೇ, ನಂಗೆ ಅವತ್ತೇ ಅನ್ನಿಸಿತ್ತು" ಅನ್ನಬೇಕು ಅನ್ನಿಸುತ್ತದೆ. ಸಮಾಧಾನ ಮಾಡುವ ಮಾತು ಅಂತಲೇ ಅನ್ನಿಸುತ್ತದೆ. ಅನ್ನಬೇಡಿ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಗಾದೆ, ಕೆಲವರದು ಉಂಡು ಮಲಗಿ ಆರು ತಿಂಗಳು ಬೇರೆ ಇದ್ದ ಮೇಲೂ ಸರಿಹೋಗುತ್ತದೆ! ಅವರು ಮತ್ತೆ ಒಂದಾದ ದಿನ ನೀವು ಹೇಳಿದ್ದೆಲ್ಲ ಇನ್ನೊಬ್ಬರ ಕಿವಿಗೆ ಬಿದ್ದಿರುತ್ತದೆ, ಆ ಮನೆಗೆ ಮತ್ತೆ ಹೋಗುವ ಮುಖ ನಿಮಗೆ ಇರುವುದಿಲ್ಲ. ಅದೂ ಅಲ್ಲದೆ "ನಂಗೆ ಅವತ್ತೇ ಅನ್ನಿಸಿತ್ತು" ಅಂದರೆ, ಇಷ್ಟು ವರ್ಷ ಜೊತೆಗಿದ್ದ ಅವಳು ದಡ್ಡಿ ಅಂದ ಹಾಗೆಯೂ ಆಯಿತು. "ತುಂಬಾ ನೋವಾಗಿದೆ ಅಲ್ವಾ", "ಇವತ್ತು ಊಟ ಮಾಡಿದ್ಯಾ", "ನಾಳೆ ಎಲ್ಲಿಗಾದ್ರೂ ಜೊತೆಗೆ ಬರಬೇಕಾ" ಇಂಥ ಮಾತುಗಳಿಗೆ ಯಾವ ಅಪಾಯವೂ ಇಲ್ಲ.

ಆದರೆ ಹೊಡೆತ ಬಡಿತ, ಬೆದರಿಕೆ, ದುಡ್ಡು ಕಾಗದಪತ್ರ ಕಿತ್ತಿಟ್ಟುಕೊಳ್ಳುವುದು, ಎಲ್ಲಿ ಹೋದರೂ ಹಿಂಬಾಲಿಸುವುದು ನಡೆದಿದ್ದರೆ "ನಾವು ಇಬ್ಬರಿಗೂ ಫ್ರೆಂಡ್ಸ್" ಅನ್ನುವ ಮಾತಿಗೆ ಬೆಲೆ ಇಲ್ಲ. ಏಟು ತಿಂದವರ ಕಡೆ ನಿಲ್ಲಿ. ಅವರು ಎಲ್ಲಿದ್ದಾರೆ ಅನ್ನುವುದನ್ನು ಇನ್ನೊಬ್ಬರಿಗೆ ಹೇಳಬೇಡಿ, "ಒಂದು ಸಲ ಕೂತು ಮಾತಾಡಿ" ಅಂತ ಒತ್ತಾಯ ಮಾಡಬೇಡಿ. ಇದರಲ್ಲಿ ನೀವೂ ನಿಮ್ಮವರೂ ಒಂದೇ ಮಾತಿನ ಮೇಲೆ ಇರಲೇಬೇಕು. ಇಲ್ಲಿ ಭಿನ್ನಾಭಿಪ್ರಾಯ ಬಂದರೆ, ನಿಮ್ಮವರು "ಅವಳೂ ಏನೋ ಮಾಡಿರಬೇಕು" ಅಂದರೆ, ಅದನ್ನು ಅಲ್ಲಿಗೇ ಬಿಡಬೇಡಿ. ಅದು ಫ್ರೆಂಡ್ಸ್ ವಿಷಯ ಮಾತ್ರ ಅಲ್ಲ.

ಸಹಾಯಕ್ಕೊಂದು ಅಂಚು

ಬೇರೆಯಾದವರಿಗೆ ಸಂಜೆ ಹೊತ್ತು ಕಳೆಯುವುದೇ ಕಷ್ಟ. ಹಾಗಾಗಿ ಫೋನ್ ಬರುವುದು ನೀವಿಬ್ಬರೂ ಒಟ್ಟಿಗೆ ಇರುವ ಹೊತ್ತಿಗೇ. ಮೊದಲ ಎರಡು ವಾರ ಎಷ್ಟು ಹೊತ್ತಾದರೂ ಕೇಳಿ, ಪರವಾಗಿಲ್ಲ. ಆಮೇಲೂ ದಿನಾ ಒಂದೂವರೆ ಗಂಟೆ ಬೆಡ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದರೆ ಹೊರಗೆ ಕೂತವರಿಗೆ ತಾವು ಬೇಡದವರು ಅನ್ನಿಸುತ್ತದೆ. "ಸಂಜೆ ಆರರಿಂದ ಏಳು ನಿನ್ನ ಫೋನ್‌ಗೇ ಇಟ್ಟಿರ್ತೀನಿ" ಅಂತ ಹೊತ್ತು ಗೊತ್ತು ಮಾಡಿದರೆ ಫ್ರೆಂಡಿಗೂ ಬೇಜಾರಾಗುವುದಿಲ್ಲ. ಕಾಯಲಿಕ್ಕೆ ಒಂದು ಸಮಯ ಸಿಕ್ಕಿತಲ್ಲ.

ಮನೆಯಲ್ಲಿ ಇರಿಸಿಕೊಳ್ಳುವುದಾದರೆ ಬರುವ ಮೊದಲೇ ದಿನ ಹೇಳಿ. "ಎಷ್ಟು ದಿನ ಬೇಕಾದ್ರೂ ಇರು" ಅನ್ನುವುದು ಕೇಳಲಿಕ್ಕೆ ಚಂದ. ಮೂರನೇ ವಾರ ಬಾತ್‌ರೂಮಿಗೆ ಸಾಲು ನಿಂತಾಗ ಸಿಡುಕುವುದು ಫ್ರೆಂಡಿನ ಮೇಲಲ್ಲ, ಗಂಡನ ಮೇಲೆ ಇಲ್ಲಾ ಹೆಂಡತಿ ಮೇಲೆ. "ಈ ತಿಂಗಳ ಕೊನೆ ತನಕ ಇರು, ಅಷ್ಟರಲ್ಲಿ ಮನೆ ಹುಡುಕೋಣ" ಅಂದರೆ ಎಲ್ಲರಿಗೂ ನಿರಾಳ. ಸಾಲ ಕೊಡುವುದಿದ್ದರೆ ಇಬ್ಬರಿಗೂ ಗೊತ್ತಿದ್ದೇ ಕೊಡಿ.

ಒಂಟಿಯಾದ ಫ್ರೆಂಡ್ ಬಗ್ಗೆ ನಿಮ್ಮವರಿಗೆ ಒಂದು ಸಣ್ಣ ಅಳುಕು ಬರಬಹುದು, ಅಥವಾ ನಿಮಗೇ ಬರಬಹುದು. "ಇಷ್ಟು ದಿನ ಇಲ್ಲದ್ದು ಈಗ ಯಾಕೆ ಅವಳ ಮನೆ ಬಲ್ಬ್ ಹಾಕೋಕೂ ಇವನೇ ಬೇಕು?" ಇದನ್ನು ಹೊಟ್ಟೆಕಿಚ್ಚು ಅಂತ ನಗಾಡಬೇಡಿ. ಇಬ್ಬರೂ ಒಟ್ಟಿಗೆ ಹೋಗಿ ಬಲ್ಬ್ ಹಾಕಿ ಬನ್ನಿ, ಮುಗೀತು. ಆದರೆ ಈ ಅಳುಕಿಗೆ ಹೆದರಿ ಫ್ರೆಂಡನ್ನೇ ದೂರ ಮಾಡುವುದು ಅನ್ಯಾಯ. ಜೋಡಿಯಾಗಿ ಬರುತ್ತಿದ್ದವರು ಒಬ್ಬರೇ ಆದ ತಕ್ಷಣ ಊಟಕ್ಕೆ ಕರೆಯುವುದು ನಿಲ್ಲುತ್ತದೆ. ಯಾರೂ ಬೇಕು ಅಂತ ಮಾಡುವುದಿಲ್ಲ, "ಎಲ್ಲಾ ಜೋಡಿಗಳೇ ಇರ್ತಾರೆ, ಅವಳಿಗೆ ಮುಜುಗರ ಆಗಬಹುದು" ಅಂತ ಅವಳ ಪರವಾಗಿ ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಕರೆಯಿರಿ. ಬರುವುದು ಬಿಡುವುದು ಅವಳಿಗೆ ಬಿಟ್ಟಿದ್ದು. ದೊಡ್ಡ ಸಮಾರಂಭ ಆದರೆ ಇಬ್ಬರನ್ನೂ ಕರೆದು, ಕರೆದಿದ್ದೇವೆ ಅನ್ನುವುದನ್ನು ಇಬ್ಬರಿಗೂ ಮೊದಲೇ ತಿಳಿಸಿ. ನಾಲ್ಕೈದು ಜನರ ಊಟ ಆದರೆ ಈ ಸಲ ಒಬ್ಬರು, ಮುಂದಿನ ಸಲ ಇನ್ನೊಬ್ಬರು.

ಅವರು ಆರಾಮಾಗಿ ಕಂಡಾಗ

ಕೆಲವು ತಿಂಗಳಾದ ಮೇಲೆ ಇನ್ನೊಂದು ಥರದ ತೊಂದರೆ ಶುರುವಾಗುತ್ತದೆ, ಇದನ್ನು ಯಾರೂ ಹೇಳುವುದಿಲ್ಲ. ಫ್ರೆಂಡ್ ಜಿಮ್ಮಿಗೆ ಹೋಗುತ್ತಿದ್ದಾನೆ, ಒಬ್ಬನೇ ಟ್ರಿಪ್ ಹೋಗಿದ್ದಾನೆ, ಸ್ಟೇಟಸ್ಸಿನಲ್ಲಿ ನಗುತ್ತಿದ್ದಾನೆ. ನೀವು ಇಲ್ಲಿ ಕರೆಂಟ್ ಬಿಲ್ ಯಾರು ಕಟ್ಟಲಿಲ್ಲ ಅಂತ ವಾದ ಮಾಡುತ್ತಿದ್ದೀರಿ. "ಇವನೇ ಆರಾಮಾಗಿದ್ದಾನಲ್ಲ" ಅಂತ ಒಂದು ಯೋಚನೆ ಬಂದು ಹೋಗುತ್ತದೆ. ಬರಲಿ, ಅದು ಪಾಪ ಅಲ್ಲ. ಸ್ಟೇಟಸ್ಸಿಗೆ ಭಾನುವಾರ ಮಧ್ಯಾಹ್ನದ ಖಾಲಿ ಮನೆ ಯಾರೂ ಹಾಕುವುದಿಲ್ಲ ಅನ್ನುವುದು ಗೊತ್ತಿದ್ದರೆ ಸಾಕು. ಆ ಯೋಚನೆಯಲ್ಲಿ ನಿಮಗೆ ಏನು ಬೇಕು ಅನ್ನುವುದರ ಸುಳಿವೂ ಇರುತ್ತದೆ. ಬಹಳ ಸಲ ಬೇಕಿರುವುದು ಡಿವೋರ್ಸ್ ಅಲ್ಲ, ಒಂದು ದಿನ ಒಬ್ಬರೇ ಇರುವುದು. ಅದನ್ನು ಮದುವೆಯೊಳಗೇ ಕೇಳಿ ಪಡೆಯಬಹುದು.

ಆ ಯೋಚನೆ ಬಂದು ಹೋಗದೆ ಅಲ್ಲೇ ಕೂತಿದ್ದರೆ, ದಿನಾ ಅದೇ ಇದ್ದರೆ, ಆಗ ಅದು ಫ್ರೆಂಡಿನಿಂದ ಬಂದದ್ದಲ್ಲ. ಅವರ ಬ್ರೇಕಪ್ ನಿಮ್ಮಲ್ಲಿ ಮೊದಲೇ ಇದ್ದದ್ದನ್ನು ತೋರಿಸಿದೆ ಅಷ್ಟೇ. ಅಂಥ ಹೊತ್ತಿನಲ್ಲಿ ಈಗಷ್ಟೇ ಬೇರೆಯಾದ ಫ್ರೆಂಡಿನ ಹತ್ತಿರ ಸಲಹೆ ಕೇಳಬೇಡಿ. ತಾನು ಮಾಡಿದ್ದು ಸರಿ ಅಂತ ತನಗೇ ಹೇಳಿಕೊಳ್ಳಬೇಕಾದ ಸ್ಥಿತಿಯಲ್ಲಿ ಅವರಿರುತ್ತಾರೆ, ನಿಮಗೂ ಅದನ್ನೇ ಹೇಳುತ್ತಾರೆ. ಇಬ್ಬರೂ ಕೂಡಿ ಒಬ್ಬ ಕೌನ್ಸೆಲರ್ ಹತ್ತಿರ ಹೋಗಿ. ನಿಮ್ಮವರು ಬರುವುದಿಲ್ಲ ಅಂದರೆ ನೀವೊಬ್ಬರೇ ಆದರೂ ಹೋಗಿ.

ಹೊಸಬರು ಬಂದಾಗ

ಒಂದು ದಿನ ಅವನು ಹೊಸ ಗೆಳತಿಯನ್ನು ಕರೆದುಕೊಂಡು ಬರುತ್ತಾನೆ. ನಿಮ್ಮ ಹೆಂಡತಿಗೆ ಅವಳನ್ನು ನೋಡಿದರೆ ಹಳೇ ಗೆಳತಿಗೆ ದ್ರೋಹ ಮಾಡಿದ ಹಾಗೆ, ನಿಮಗೆ ಫ್ರೆಂಡ್ ಮತ್ತೆ ನಗುತ್ತಿರುವುದೇ ದೊಡ್ಡದು. ಇಬ್ಬರದೂ ನ್ಯಾಯವೇ. ಮೊದಲ ಸಲ ಮನೆಗೆ ಬೇಡ, ಹೊರಗೆ ಎಲ್ಲಾದರೂ ನೀವೊಬ್ಬರೇ ಹೋಗಿ ಭೇಟಿಯಾಗಿ ಬನ್ನಿ. ಹೆಂಡತಿ ತಯಾರಾದ ಮೇಲೆ ಮನೆಗೆ ಕರೆದರಾಯಿತು. ಹಳೇ ಗೆಳತಿಗೆ ವಿಷಯ ನಿಮ್ಮಿಂದ ಗೊತ್ತಾಗುವುದು ಬೇಡ, ಅವನೇ ಹೇಳಲಿ ಅಂತ ಅವನಿಗೆ ಒಂದು ಮಾತು ಹೇಳಿ. ಆಮೇಲೆ ಅವಳು ಫೋನ್ ಮಾಡಿ "ಹೇಗಿದ್ದಾಳೆ?" ಅಂತ ಕೇಳಿದರೆ, ಇದ್ದಾಳೆ ಅಂದು ಅವಳ ಸಮಾಚಾರ ಕೇಳಿ.